ತುಪ್ಪ ತಿನ್ನದವರಿಗೂ ಕೊಲೆಸ್ಟ್ರಾಲ್ ಏಕೆ?

ಕಳೆದ ತಪಸ್ಸುಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಎಲ್ಲರೂ ಮಾತನಾಡುತ್ತಾ ನಿಂತಿದ್ದಾಗ ಹೊಳಗುಂದದ ಕಡೆಯ ನಮ್ಮ ಸೋದರಮಾವ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನಮ್ಮ ಕೈಗಿತ್ತರು. ಆದೋನಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿ ಅದು. ಒಟ್ಟು ಕೊಲೆಸ್ಟ್ರಾಲ್ 246 ಎಂದಿತ್ತು. ಅದರ ಕೆಳಗೆ ಕೆಂಪು ಶಾಯಿಯ ಗೆರೆ.

"ನಾ ತುಪ್ಪ ಮುಟ್ಟಂಗಿಲ್ಲ, ತತ್ತಿ ವಾರಕ್ಕೊಂದು, ಮಾಂಸ ಹಬ್ಬಕ್ಕ ಮಾತ್ರ. ದಿನಾ ಹೊಲಕ್ಕ ನಡಕೊಂಡು ಹೋಗ್ತೀನಿ. ಪ್ಯಾಟಿ ಸಾವ್ಕಾರ್ರಿಗೆ ಬರೋ ಕೊಬ್ಬು ನನಗ್ಯಾಕ ಬಂತಪ್ಪ?" ಎಂದು ಕೇಳಿದರು.

ಎಲ್ಲರೂ ಹೇಳುವ ಮಾತನ್ನೇ ನಾವೂ ಹೇಳಿದೆವು. ವಯಸ್ಸಾಯಿತು, ಬಜ್ಜಿ ಕಡಿಮೆ ಮಾಡಿ, ಬೀಡಿ ಬಿಡಿ ಎಂದೆವು. ಅವರು ಸುಮ್ಮನೆ ಕೇಳಿಸಿಕೊಂಡು, ಕಾಗದ ಮಡಿಚಿ ಜೇಬಿಗಿಟ್ಟುಕೊಳ್ಳುತ್ತಾ ಇನ್ನೊಂದು ಪ್ರಶ್ನೆ ಹಾಕಿದರು: "ಮೂವತ್ತು ವರ್ಷ ಹತ್ತಿಗೆ ಎಣ್ಣಿ ಹೊಡದೀನಿ. ಆ ಎಣ್ಣಿ ಏನಾರ ರಕ್ತದಾಗ ಕುಂತೈತೇನು?"

ನಮ್ಮ ಕಡೆ ಬಾಣಲೆಗೆ ಹಾಕುವುದೂ ಎಣ್ಣೆಯೇ, ಹೊಲಕ್ಕೆ ಹೊಡೆಯುವ ಕೀಟನಾಶಕವೂ ಎಣ್ಣೆಯೇ. ಒಂದೇ ಹೆಸರಿರುವುದರಿಂದ ಮಾವ ಎರಡನ್ನೂ ಬೆರೆಸಿಬಿಟ್ಟರೆಂದು ನಾವು ಆಗ ನಕ್ಕೆವು. ಆಮೇಲೆ ಈ ವಿಷಯವನ್ನು ಓದುತ್ತಾ ಹೋದಂತೆ ಅದು ನಗುವ ಪ್ರಶ್ನೆಯಲ್ಲ ಎಂಬುದು ಅರಿವಾಯಿತು. ಪ್ರಪಂಚದ ದೊಡ್ಡ ವಿಜ್ಞಾನಿಗಳು ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯನ್ನೇ ಮಾವ ದೇವಾಲಯದ ಅಂಗಳದಲ್ಲಿ ಕೇಳಿದ್ದರು.

ಮೊದಲು ಕೊಲೆಸ್ಟ್ರಾಲ್ ಬಗ್ಗೆ ಎರಡು ಮಾತು. ಇದು ಹೊರಗಿನಿಂದ ಬಂದ ಶತ್ರುವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಗೋಡೆಗೂ ಇದು ಬೇಕು. ಹಾರ್ಮೋನುಗಳಿಗೂ, ಜೀರ್ಣಕ್ಕೆ ಬೇಕಾದ ಪಿತ್ತರಸಕ್ಕೂ ಇದೇ ಕಚ್ಚಾಮಾಲು. ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಊಟದಿಂದ ಬರುವುದಿಲ್ಲ, ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಇದರಲ್ಲಿ ಯಕೃತ್ತಿನದು ಮುಖ್ಯ ಕೆಲಸ. ಬೇಕಾದಷ್ಟು ಮಾಡುವುದು, ಹೆಚ್ಚಾದದ್ದನ್ನು ಪಿತ್ತರಸವಾಗಿ ಕರುಳಿಗೆ ಸಾಗಿಸುವುದು, ಎರಡನ್ನೂ ನೋಡಿಕೊಳ್ಳುವ ಯಜಮಾನ ಯಕೃತ್ತೇ. ಆದ್ದರಿಂದ ತುಪ್ಪ ತಿನ್ನದವರಿಗೂ ಕೊಲೆಸ್ಟ್ರಾಲ್ ಏರಬಹುದು. ವಂಶದಿಂದ ಬಂದಿರಬಹುದು, ಥೈರಾಯ್ಡ್ ಮಂದವಾಗಿರಬಹುದು, ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇರಬಹುದು. ಯಕೃತ್ತಿನ ಕೆಲಸಕ್ಕೆ ಅಡ್ಡಿಪಡಿಸುವ ಯಾವುದೇ ವಸ್ತುವೂ ಕಾರಣವಾಗಬಹುದು. ಮಾವನ ಪ್ರಶ್ನೆ ನಿಲ್ಲುವುದು ಈ ಕೊನೆಯ ಮಾತಿನ ಬಳಿ.

ಆದೋನಿಯ ಸೀಮೆಯನ್ನು ಬಲ್ಲವರಿಗೆ ಇಲ್ಲಿನ ಎರೆಭೂಮಿಯ ಕಥೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಸೇರಿದವು. ರಾಜ್ಯ ಬದಲಾಯಿತು, ಮನೆಮಾತೂ ಬೆಳೆಯೂ ಬದಲಾಗಲಿಲ್ಲ. ಹತ್ತಿ ಮತ್ತು ಶೇಂಗಾ ಈ ಸೀಮೆಯ ಎರಡು ಕಣ್ಣುಗಳು. ಆದೋನಿಯ ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಕಾರ್ಖಾನೆಗಳು, ಎಣ್ಣೆ ಮಿಲ್ಲುಗಳು ಊರಿಗೆ ಎರಡನೆಯ ಬೊಂಬಾಯಿ ಎಂಬ ಹೆಸರನ್ನೇ ತಂದುಕೊಟ್ಟಿದ್ದವು.

ಹಳೆಯ ನಾಟಿ ಹತ್ತಿಗೆ ಔಷಧದ ಹಂಗು ಅಷ್ಟಾಗಿ ಇರಲಿಲ್ಲ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿ ಬಂತು, ಅದರ ಹಿಂದೆಯೇ ಜಯಲಕ್ಷ್ಮಿ. ಎಳೆ ಉದ್ದ, ಬೆಲೆ ಹೆಚ್ಚು, ಜೊತೆಗೆ ಕಾಯಿಕೊರಕ ಹುಳುವಿನ ಕಾಟವೂ ಹೆಚ್ಚು. ರೈತರು ಬೆನ್ನಿಗೆ ಪಂಪು ಕಟ್ಟಿದ್ದು ಆಗ. 2002ರಲ್ಲಿ ಬಿ.ಟಿ. ಹತ್ತಿಗೆ ಸರ್ಕಾರ ಒಪ್ಪಿಗೆ ನೀಡುವವರೆಗೆ ದೇಶದಲ್ಲಿ ಮಾರಾಟವಾಗುತ್ತಿದ್ದ ಕೀಟನಾಶಕದಲ್ಲಿ ದೊಡ್ಡ ಪಾಲು ಹತ್ತಿ ಹೊಲಕ್ಕೇ ಹೋಗುತ್ತಿತ್ತು. ಬರಿಗೈ, ಬರಿಗಾಲು, ಮೂಗಿಗೆ ಒಂದು ಟವಲು. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಂಡ ತಂದೆಯರು ನಮ್ಮಲ್ಲಿ ಎಷ್ಟು ಮಂದಿ!

ಇವುಗಳಲ್ಲಿ ಎಲ್ಲವೂ ಒಂದೇ ಜಾತಿಯವಲ್ಲ. ಮೊನೊಕ್ರೋಟೊಫಾಸ್, ಕ್ವಿನಾಲ್‌ಫಾಸ್‌ನಂಥವು ಆ ಕ್ಷಣಕ್ಕೆ ಘೋರ ವಿಷ. ಆದರೆ ದಿನಗಳಲ್ಲಿ, ವಾರಗಳಲ್ಲಿ ಒಡೆದುಹೋಗುತ್ತವೆ. ಡಿ.ಡಿ.ಟಿ., ಬಿ.ಎಚ್.ಸಿ. ಅಥವಾ ನಮ್ಮವರು ಗಮಾಕ್ಸಿನ್ ಎನ್ನುತ್ತಿದ್ದ ಪುಡಿ ಹಾಗಲ್ಲ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು, ಯಾವುದಕ್ಕೂ ಅವು ಸುಲಭವಾಗಿ ಜಗ್ಗುವುದಿಲ್ಲ. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದರಿಂದ ಹುಲ್ಲಿನಿಂದ ಎಮ್ಮೆಗೆ, ಎಮ್ಮೆಯಿಂದ ಹಾಲಿಗೆ, ಹಾಲಿನಿಂದ ನಮಗೆ ಏರುತ್ತಾ ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 12 ರಾಜ್ಯಗಳಿಂದ ತಂದ 2205 ಹಾಲಿನ ಮಾದರಿಗಳ ಪೈಕಿ ನೂರಕ್ಕೆ 82ರಷ್ಟರಲ್ಲಿ ಡಿ.ಡಿ.ಟಿ. ಅಂಶ ಸಿಕ್ಕಿತ್ತು. ಕೃಷಿಯಲ್ಲಿ ಡಿ.ಡಿ.ಟಿ. ಬಳಕೆ 1989ರಲ್ಲೇ ನಿಂತಿತ್ತು. ಬಿ.ಎಚ್.ಸಿ.ಗೆ ನಿಷೇಧ ಬಂದದ್ದು 1997ರಲ್ಲಿ. ಕಣಜದ ಕಾಳಿಗೆ ಗಮಾಕ್ಸಿನ್ ಬೆರೆಸಿಟ್ಟ ಮನೆಗಳನ್ನು ನಾವೇ ಕಂಡಿದ್ದೇವೆ. ಆಗ ಅದನ್ನು ತಪ್ಪೆಂದು ಯಾರೂ ಹೇಳಿರಲಿಲ್ಲ.

ಹಾಗಾದರೆ ಇವು ಕೊಲೆಸ್ಟ್ರಾಲನ್ನು ಏರಿಸುತ್ತವೆಯೇ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳು ರಕ್ತದಲ್ಲಿ ಸಂಚರಿಸುವುದೇ ಕೊಬ್ಬಿನ ಕಣಗಳ ಮೇಲೇರಿ. ಬಸ್ಸು ಹೆಚ್ಚಿದ್ದರೆ ಪ್ರಯಾಣಿಕರೂ ಹೆಚ್ಚು. ರಕ್ತದಲ್ಲಿ ಕೊಬ್ಬು ಹೆಚ್ಚಿರುವವರಲ್ಲಿ ಡಿ.ಡಿ.ಟಿ. ಹೆಚ್ಚು ಕಂಡರೆ, ಡಿ.ಡಿ.ಟಿ.ಯಿಂದ ಕೊಬ್ಬು ಏರಿತೋ, ಕೊಬ್ಬು ಇದ್ದುದರಿಂದ ಡಿ.ಡಿ.ಟಿ. ಅಲ್ಲಿ ಸೇರಿಕೊಂಡಿತೋ ಎಂದು ಬಿಡಿಸುವುದು ಕಷ್ಟ. ಹಲವು ದೇಶಗಳ ಅಧ್ಯಯನಗಳು ಎರಡಕ್ಕೂ ಸಂಬಂಧವಿದೆ ಎನ್ನುತ್ತವೆ. ಆದರೆ ಈ ಗಂಟು ಇರುವತನಕ ಮಾವನ 246ಕ್ಕೆ ಡಿ.ಡಿ.ಟಿ.ಯೇ ಕಾರಣ ಎಂದು ಬೆರಳು ತೋರಿಸಲಾಗದು.

ಗಂಟು ಬಹುಮಟ್ಟಿಗೆ ಬಿಡಿಸಿಕೊಂಡದ್ದು ಇನ್ನೊಂದು ಜಾತಿಯ ರಾಸಾಯನಿಕದಲ್ಲಿ. ಅದು ಬಂದದ್ದು ಹೊಲದಿಂದಲ್ಲ, ಅಡಿಗೆಮನೆಯ ಅಂಟದ ಬಾಣಲೆಯ ಹಿಂದಿರುವ ಕಾರ್ಖಾನೆಯಿಂದ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಓಹಾಯೋ ನದಿಯ ದಡದಲ್ಲಿ ಪಾರ್ಕರ್ಸ್‌ಬರ್ಗ್ ಎಂಬ ಊರಿದೆ. ಅದರ ಹತ್ತಿರ ಡ್ಯೂಪಾಂಟ್ ಕಂಪನಿಯ ಟೆಫ್ಲಾನ್ ಕಾರ್ಖಾನೆ. ಟೆಫ್ಲಾನ್ ತಯಾರಿಸುವಾಗ ಸಾಬೂನಿನಂಥ ಒಂದು ರಾಸಾಯನಿಕವನ್ನು ದಶಕಗಳ ಕಾಲ ಬಳಸುತ್ತಿದ್ದರು. ಎಂಟು ಇಂಗಾಲದ ಪರಮಾಣುಗಳಿರುವುದರಿಂದ ಅದಕ್ಕೆ ಸಿ-8 ಎಂದು ಹೆಸರು. ಶಾಸ್ತ್ರದ ಹೆಸರು ಪಿ.ಎಫ್.ಓ.ಎ. ಇಂಗಾಲ ಮತ್ತು ಫ್ಲೋರಿನ್ ಒಂದನ್ನೊಂದು ಹಿಡಿದುಕೊಂಡರೆ ಆ ಹಿಡಿತವನ್ನು ನಿಸರ್ಗ ಬಿಡಿಸಲಾರದು. ಅದಕ್ಕೇ ಈ ಕುಟುಂಬದ ರಾಸಾಯನಿಕಗಳನ್ನು ಎಂದೆಂದಿಗೂ ಅಳಿಯದವು ಎಂದು ಕರೆಯುತ್ತಾರೆ. (ನಮ್ಮ ಕೊಳವೆಬಾವಿಗಳ ಫ್ಲೋರೈಡ್ ಬೇರೆ, ಇದು ಬೇರೆ. ಹೆಸರು ಹತ್ತಿರವೆಂದು ಗಾಬರಿ ಬೇಡ.)

ವಿಲ್ಬರ್ ಟೆನಂಟ್ ಎಂಬ ದನ ಸಾಕುವ ರೈತ ಅಲ್ಲಿದ್ದ. ಕಂಪನಿಯ ಕಸ ಸುರಿಯುವ ಜಾಗದಿಂದ ಹರಿದು ಬರುತ್ತಿದ್ದ ಹಳ್ಳದ ನೀರು ಕುಡಿದು ಅವನ ದನಗಳು ನೂರಕ್ಕೂ ಮೇಲ್ಪಟ್ಟು ಸತ್ತವು. ಪಶುವೈದ್ಯರು, ಅಧಿಕಾರಿಗಳು ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಅವನು ಸತ್ತ ದನಗಳನ್ನು ತಾನೇ ಕೊಯ್ದು ನೋಡಿ, ಎಲ್ಲವನ್ನೂ ವಿಡಿಯೋ ಮಾಡಿ, 1998ರಲ್ಲಿ ರಾಬ್ ಬಿಲಟ್ ಎಂಬ ವಕೀಲನ ಬಳಿಗೆ ಹೋದ. ತಮಾಷೆಯೆಂದರೆ ಈ ಬಿಲಟ್ ಅಲ್ಲಿಯವರೆಗೆ ರಾಸಾಯನಿಕ ಕಂಪನಿಗಳ ಪರವಾಗಿ ಕೆಲಸ ಮಾಡುತ್ತಿದ್ದವನು. ಅವನ ಅಜ್ಜಿಯ ಊರು ಆ ಕಡೆಯದೆಂಬ ಕಾರಣಕ್ಕೆ ರೈತ ಅವನನ್ನು ಹುಡುಕಿಕೊಂಡು ಹೋಗಿದ್ದ. ದಾಖಲೆಗಳು ಹೊರಬಂದಾಗ ತಿಳಿದದ್ದು, ದನದ ಹಳ್ಳ ಮಾತ್ರವಲ್ಲ, ನದಿಯ ಎರಡೂ ದಡದ ಆರು ಕುಡಿಯುವ ನೀರಿನ ವ್ಯವಸ್ಥೆಗಳಲ್ಲಿ ಸಿ-8 ಸೇರಿದೆ ಎಂಬುದು.

2004ರಲ್ಲಿ ಕಂಪನಿ ರಾಜಿಗೆ ಬಂತು. ಆ ರಾಜಿಯಲ್ಲಿ 7 ಕೋಟಿ ಡಾಲರ್ ಹಣ ಬಂದಿತ್ತು. ಅದನ್ನು ತಲೆಗಿಷ್ಟು ಎಂದು ಹಂಚಿಬಿಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಆ ಹಣದಿಂದ ಇಡೀ ಸೀಮೆಯ ಜನರ ರಕ್ತಪರೀಕ್ಷೆ ಮಾಡಿಸುವ, ರಕ್ತ ಕೊಡಲು ಬಂದವರಿಗೆ 400 ಡಾಲರ್ ಕೊಡುವ ತೀರ್ಮಾನವಾಯಿತು. 2005-06ರಲ್ಲಿ ಸುಮಾರು 69,000 ಜನ ಸಾಲುಗಟ್ಟಿ ಬಂದು ರಕ್ತ ಕೊಟ್ಟರು. ಕಂಪನಿಯೂ ಜನರೂ ಒಪ್ಪಿದ ಮೂವರು ವಿಜ್ಞಾನಿಗಳ ಸಮಿತಿ ಅದನ್ನು ಏಳು ವರ್ಷ ಕುಳಿತು ಪರಿಶೀಲಿಸಿತು. ನಮಗೆ ಈ ಇಡೀ ಪ್ರಕರಣದಲ್ಲಿ ಮನಸ್ಸಿಗೆ ಹತ್ತಿದ ಸಂಗತಿ ಇದೇ. ಬಡ ಕಾರ್ಮಿಕರ ಆ ಊರು ಹಣಕ್ಕಿಂತ ಮೊದಲು ಸತ್ಯ ಬೇಕೆಂದಿತು. ಅವರ ತೋಳಿನ ರಕ್ತದಿಂದಲೇ ಈವತ್ತು ಪ್ರಪಂಚಕ್ಕೆ ಈ ವಿಷಯ ತಿಳಿದಿದೆ.

ತಿಳಿದದ್ದೇನು? 2009ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 46,294 ವಯಸ್ಕರನ್ನು ಅವರ ರಕ್ತದ ಸಿ-8 ಪ್ರಮಾಣಕ್ಕೆ ತಕ್ಕಂತೆ ಹತ್ತು ಗುಂಪು ಮಾಡಿ ನೋಡಿದರು. ತೀರ ಕಡಿಮೆ ಇರುವ ಗುಂಪಿಗಿಂತ ತೀರ ಹೆಚ್ಚು ಇರುವ ಗುಂಪಿನ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 11ರಿಂದ 12 ಮಿಲಿಗ್ರಾಂ ಹೆಚ್ಚಿತ್ತು. ವಯಸ್ಸು, ತೂಕ, ಬೀಡಿ ಸಿಗರೇಟು ಎಲ್ಲವನ್ನೂ ತೂಗಿ ಕಳೆದ ಮೇಲೆ ಉಳಿದ ವ್ಯತ್ಯಾಸ ಇದು. 2012ರಲ್ಲಿ ಸಮಿತಿ ತನ್ನ ಕೆಲಸ ಮುಗಿಸಿದಾಗ ಸಿ-8ಕ್ಕೆ ಸಂಬಂಧವಿರುವ ಸಂಭವ ಹೆಚ್ಚೆಂದು ಆರು ಕಾಯಿಲೆಗಳನ್ನು ಹೆಸರಿಸಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ದೊಡ್ಡ ಕರುಳಿನ ಹುಣ್ಣು, ಬಸಿರಿನಲ್ಲಿ ಏರುವ ರಕ್ತದೊತ್ತಡ ಮತ್ತು ಅಧಿಕ ಕೊಲೆಸ್ಟ್ರಾಲ್. 2017ರಲ್ಲಿ ಸುಮಾರು 3,500 ಜನರ ಮೊಕದ್ದಮೆಗಳು 67 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರದಲ್ಲಿ ಮುಗಿದವು. ವಿಲ್ಬರ್ ಟೆನಂಟ್ ಅದನ್ನು ನೋಡಲಿಲ್ಲ, 2009ರಲ್ಲೇ ತೀರಿಕೊಂಡಿದ್ದ.

ಈ ಜಾತಿಯ ರಾಸಾಯನಿಕ ಕೊಬ್ಬಿನಲ್ಲಿ ಕರಗುವುದಿಲ್ಲ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಯಕೃತ್ತಿನಲ್ಲಿ ನೆಲೆಸುತ್ತದೆ. ಆದ್ದರಿಂದ ಬಸ್ಸು-ಪ್ರಯಾಣಿಕರ ಗೊಂದಲ ಇಲ್ಲಿ ಅಷ್ಟಿಲ್ಲ. ಇನ್ನೊಂದು ಸಾಕ್ಷಿಯೂ ದೊರೆಯಿತು. ಅಲ್ಲಿನ ನೀರಿಗೆ ಇದ್ದಿಲಿನ ಶೋಧಕಗಳನ್ನು ಹಾಕಿದ ಮೇಲೆ ಜನರ ರಕ್ತದಲ್ಲಿ ಸಿ-8 ಇಳಿಯತೊಡಗಿತು. 560 ಜನರನ್ನು ಎರಡನೆಯ ಸಲ ಪರೀಕ್ಷಿಸಿದಾಗ, ಸಿ-8 ಅರ್ಧಕ್ಕೆ ಇಳಿದವರಲ್ಲಿ ಕೆಟ್ಟದ್ದು ಎನ್ನುವ ಎಲ್.ಡಿ.ಎಲ್. ಕೊಲೆಸ್ಟ್ರಾಲ್ ನೂರಕ್ಕೆ 3.6ರಷ್ಟು ಇಳಿಯಬಹುದೆಂಬ ಲೆಕ್ಕ ಬಂತು. ಏರಿದಾಗ ಏರುತ್ತದೆ, ಇಳಿದಾಗ ಇಳಿಯುತ್ತದೆ ಎಂದರೆ ಸಂಬಂಧ ಗಟ್ಟಿ ಎಂದೇ ಅರ್ಥ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಈ ಕುಟುಂಬದ ರಾಸಾಯನಿಕಗಳಿಗೂ ರಕ್ತದ ಕೊಬ್ಬಿನ ಏರುಪೇರಿಗೂ ಸಂಬಂಧವಿರುವುದಕ್ಕೆ ಸಾಕಷ್ಟು ಪುರಾವೆ ಇದೆ ಎಂದು ಹೇಳಿದವು. ಅದು ಮಕ್ಕಳಿಗೂ ಅನ್ವಯಿಸುತ್ತದೆ ಎಂದವು.

ಹೇಗೆ ಏರಿಸುತ್ತದೆ ಎಂಬುದು ಇನ್ನೂ ಪೂರ್ತಿ ಬಿಡಿಸಿಲ್ಲ. ಸಿ-8ರ ಆಕಾರ ಕೊಬ್ಬಿನ ಆಮ್ಲಗಳಂತೆಯೇ ಇರುವುದರಿಂದ ಯಕೃತ್ತು ಮೋಸಹೋಗುತ್ತದೆ, ಕೊಲೆಸ್ಟ್ರಾಲನ್ನು ಪಿತ್ತರಸವಾಗಿ ಮಾರ್ಪಡಿಸುವ ಕೆಲಸ ಕುಂಠಿತವಾಗುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ಊಹೆ. ಸೋಜಿಗವೆಂದರೆ, ಇಲಿಗಳಿಗೆ ಇದನ್ನು ತಿನ್ನಿಸಿದರೆ ಅವುಗಳ ಕೊಲೆಸ್ಟ್ರಾಲ್ ಏರುವ ಬದಲು ಇಳಿಯುತ್ತದೆ! ಇಲಿಯನ್ನು ಮಾತ್ರ ನಂಬಿಕೊಂಡಿದ್ದರೆ ಮನುಷ್ಯರ ವಿಷಯ ತಿಳಿಯುತ್ತಲೇ ಇರಲಿಲ್ಲ. ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಅದೇ ಸಮಿತಿ ಸಿ-8ಕ್ಕೂ ಹೃದಯಾಘಾತಕ್ಕೂ ಅಂಥ ಸಂಬಂಧ ಕಾಣಲಿಲ್ಲ ಎಂದಿದೆ. ಹನ್ನೆರಡು ಮಿಲಿಗ್ರಾಂ ಒಬ್ಬ ಮನುಷ್ಯನಿಗೆ ದೊಡ್ಡದಲ್ಲ. ಒಂದು ಇಡೀ ಸೀಮೆಯ ಜನಕ್ಕೆ ಅಷ್ಟು ಏರಿದರೆ ಗೆರೆ ದಾಟುವವರ ಸಂಖ್ಯೆ ಮಾತ್ರ ದೊಡ್ಡದಾಗುತ್ತದೆ.

ಇಟಲಿಯ ವಿಚೆಂಜಾ ಪ್ರಾಂತ್ಯದಲ್ಲೂ ಇದೇ ನಡೆಯಿತು. ತ್ರಿಸ್ಸಿನೊ ಎಂಬಲ್ಲಿದ್ದ ಮಿತೇನಿ ಕಾರ್ಖಾನೆಯಿಂದ ಲಕ್ಷಾಂತರ ಜನರ ಅಂತರ್ಜಲ ಕೆಟ್ಟಿತ್ತೆಂದು 2013ರಲ್ಲಿ ಬಯಲಾಯಿತು. ಮಕ್ಕಳ ರಕ್ತದ ವರದಿ ಮನೆಗೆ ಬಂದ ಮೇಲೆ ತಾಯಂದಿರು ಬೀದಿಗಿಳಿದರು. ಅಲ್ಲಿನ 16 ಸಾವಿರಕ್ಕೂ ಹೆಚ್ಚು ಯುವಕ ಯುವತಿಯರ ಪರೀಕ್ಷೆಯಲ್ಲಿಯೂ ಕೊಲೆಸ್ಟ್ರಾಲಿನ ಅದೇ ಸಂಬಂಧ ಕಂಡುಬಂತು. 2025ರ ಜೂನ್ 26ರಂದು ವಿಚೆಂಜಾದ ನ್ಯಾಯಾಲಯ ಆ ಕಾರ್ಖಾನೆಗೆ ಸಂಬಂಧಿಸಿದ 11 ಮಂದಿಗೆ ಸೆರೆವಾಸ ವಿಧಿಸಿತು. ಮುಚ್ಚಿದ ಆ ಕಾರ್ಖಾನೆಯ ಯಂತ್ರಗಳು ಎಲ್ಲಿಗೆ ಹೋದವು ಗೊತ್ತೇ? ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆಗೆ. ಆದುದರಿಂದ ಇದನ್ನು ದೂರದೇಶದ ಕಥೆಯೆಂದು ಓದಿ ಮಡಿಚಿಡುವಂತಿಲ್ಲ.

ಎಣ್ಣೆಮಿಲ್ಲಿನ ಊರಿನವರಾದ ನಮಗೆ ಇನ್ನೊಂದು ಪ್ರಕರಣ ತಿಳಿದಿರಬೇಕು. 1968ರಲ್ಲಿ ಪಶ್ಚಿಮ ಜಪಾನಿನಲ್ಲಿ ಅಕ್ಕಿತೌಡಿನ ಎಣ್ಣೆ ತಯಾರಿಸುವ ಮಿಲ್ಲೊಂದರಲ್ಲಿ ಎಣ್ಣೆಯನ್ನು ಕಾಯಿಸಲು ಕೊಳವೆಯೊಳಗೆ ಪಿ.ಸಿ.ಬಿ. ಎಂಬ ದ್ರವ ಹರಿಯುತ್ತಿತ್ತು. ಕೊಳವೆ ತೂತಾಗಿ ಅದು ಅಡಿಗೆ ಎಣ್ಣೆಗೆ ಸೇರಿತು. ಮೊದಲು ಸತ್ತದ್ದು ಆ ಎಣ್ಣೆಯ ಅಂಶವಿದ್ದ ಮೇವು ತಿಂದ ಲಕ್ಷಾಂತರ ಕೋಳಿಗಳು. ಯಾರೂ ಎಚ್ಚೆತ್ತುಕೊಳ್ಳಲಿಲ್ಲ. ತಿಂಗಳುಗಳ ನಂತರ ಮನುಷ್ಯರ ಮುಖ, ಬೆನ್ನುಗಳ ತುಂಬ ಕಪ್ಪು ಗುಳ್ಳೆಗಳೆದ್ದವು. ಆ ರೋಗಿಗಳ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವರ್ಷಗಟ್ಟಲೆ ಏರಿಯೇ ಇತ್ತು. ಹನ್ನೊಂದು ವರ್ಷದ ಮೇಲೆ, 1979ರಲ್ಲಿ, ತೈವಾನಿನಲ್ಲಿ ಅದೇ ತಪ್ಪು ಮತ್ತೆ ನಡೆಯಿತು. ಅಲ್ಲಿ ಮೊದಲು ನರಳಿದವರಲ್ಲಿ ಒಂದು ಕುರುಡ ಮಕ್ಕಳ ಶಾಲೆಯ ಮಕ್ಕಳಿದ್ದರು. ದಾನ ಧರ್ಮದ ಹಣದಿಂದ ನಡೆಯುತ್ತಿದ್ದ ಶಾಲೆ ಅದು.

ನಮ್ಮಲ್ಲಿ ಪಿ.ಸಿ.ಬಿ. ಇದ್ದದ್ದು ಮುಖ್ಯವಾಗಿ ಹಳೆಯ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ. ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಹೊರಡಿಸಿ 2025ರ ಡಿಸೆಂಬರ್ 31ರೊಳಗೆ ಇದರ ಬಳಕೆಯನ್ನು ಪೂರ್ತಿ ನಿಲ್ಲಿಸಬೇಕೆಂದು ಗಡುವು ಕೊಟ್ಟಿತ್ತು. ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದ ಎಣ್ಣೆಯನ್ನು ಮೊಣಕಾಲು ನೋವಿಗೆ ಹಚ್ಚುವುದೋ, ಒಲೆ ಹೊತ್ತಿಸಲು ಸುರಿಯುವುದೋ ಯಾರ ಮನೆಯಲ್ಲಾದರೂ ಇದ್ದರೆ ಇಂದೇ ನಿಲ್ಲಿಸಿ.

ಇನ್ನು ಕಾಸರಗೋಡಿನ ಮಾತು. ಕನ್ನಡ ಓದುವ ಯಾರೂ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವನ್ನು ಮರೆಯುವಂತಿಲ್ಲ. ಸರ್ಕಾರಿ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಇದು ನಮ್ಮ ಹತ್ತಿಗೆ ಹೊಡೆದ ಅದೇ ಎಣ್ಣೆ. ಡಿ.ಡಿ.ಟಿ.ಯಷ್ಟು ದೀರ್ಘಾಯುವಲ್ಲದಿದ್ದರೂ ಅದೇ ಕುಲದ್ದು. ಒಂದೇ ಊರಿನಲ್ಲಿ ಇಷ್ಟೊಂದು ಮಕ್ಕಳಿಗೆ ಬುದ್ಧಿಮಾಂದ್ಯ, ಅಪಸ್ಮಾರ ಏಕೆ ಎಂದು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮನೆ ಮನೆಯ ಲೆಕ್ಕ ಬರೆದಿಡತೊಡಗಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪಡ್ರೆಯ 117 ಗಂಡುಮಕ್ಕಳನ್ನು ಸಿಂಪಡಣೆಯಿಲ್ಲದ ಊರಿನ 90 ಮಕ್ಕಳೊಡನೆ ಹೋಲಿಸಿ, ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿರುವುದನ್ನೂ ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿರುವುದನ್ನೂ 2003ರಲ್ಲಿ ಪ್ರಕಟಿಸಿತು. ಅಲ್ಲಿ ಹುಡುಕಿದ್ದು ಹಾರ್ಮೋನುಗಳನ್ನು, ಕೊಲೆಸ್ಟ್ರಾಲನ್ನಲ್ಲ. ಆದರೆ ಹಾದಿ ಒಂದೇ. ಒಬ್ಬ ಹಳ್ಳಿಯ ಡಾಕ್ಟರು ಪೆನ್ನು ಹಿಡಿಯದಿದ್ದರೆ 2011ರ ಮೇ 13ರ ಸುಪ್ರೀಂ ಕೋರ್ಟಿನ ನಿಷೇಧವೂ ಇರುತ್ತಿರಲಿಲ್ಲ, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದ ಆದೇಶವೂ ಇರುತ್ತಿರಲಿಲ್ಲ.

ಹಾಗೆಂದು ಕಂಡದ್ದಕ್ಕೆಲ್ಲ ವಿಷವೇ ಕಾರಣ ಎನ್ನುವುದೂ ಸರಿಯಲ್ಲ. 1974-75ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಕೀಲುಗಳು ಹಿಡಿದು, ಬೆನ್ನು ಬಾಗಿ, ತೆವಳುವ ಸ್ಥಿತಿ ಬಂದಾಗ ಗದ್ದೆಯ ಏಡಿ ತಿಂದದ್ದರಿಂದ, ಅದರಲ್ಲಿದ್ದ ಕೀಟನಾಶಕದಿಂದ ಎಂದು ಎಲ್ಲರೂ ನಂಬಿದರು. ಮುಂದೆ ಅದು ವಂಶಪಾರಂಪರ್ಯದ ಮೂಳೆಯ ಕಾಯಿಲೆಯೆಂದು ತಿಳಿಯಿತು. ಮಾವನ ವರದಿಯನ್ನು ನೋಡುವಾಗಲೂ ಪಡ್ರೆ, ಹಂದಿಗೋಡು ಎರಡೂ ನಮ್ಮ ನೆನಪಿನಲ್ಲಿರಬೇಕು.

ರಸಾಯನಶಾಸ್ತ್ರದಲ್ಲಿ ತಾಂತ್ರಿಕ ತರಬೇತಿ ಪಡೆದಿದ್ದ ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೋ ಸಿ' ವಿಶ್ವಪತ್ರದಲ್ಲಿ, ಕಾರ್ಖಾನೆಗಳ ತ್ಯಾಜ್ಯವೂ ಹೊಲಕ್ಕೆ ಬಳಸುವ ರಾಸಾಯನಿಕಗಳೂ ಅಲ್ಪ ಪ್ರಮಾಣದಲ್ಲಿದ್ದರೂ ಸುತ್ತಲಿನ ಜನರ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗುವ ವಿಷಯವನ್ನು ಎತ್ತಿದ್ದರು. ಧರ್ಮದ ಪತ್ರದಲ್ಲಿ ಇದೆಲ್ಲ ಏಕೆ ಎಂದು ಆಗ ಮೂಗು ಮುರಿದವರಿದ್ದರು. ಟೆನಂಟನ ದನಗಳ ಕಥೆಯನ್ನು ಓದಿದ ಮೇಲೆ ನಮಗಂತೂ ಆ ಪ್ರಶ್ನೆ ಉಳಿದಿಲ್ಲ.

ಮನೆಯಲ್ಲಿ ಏನು ಮಾಡಬಹುದು ಎಂದು ಹಲವರು ಕೇಳುತ್ತಾರೆ. ಸಿ-8 ಜಾತಿಯ ರಾಸಾಯನಿಕ ನೀರಿನಲ್ಲಿದ್ದರೆ ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಅದು ಮಂದವಾಗುತ್ತದೆ. ಇದ್ದಿಲಿನ ಶೋಧಕ ಮತ್ತು ಆರ್.ಓ. ಯಂತ್ರ ಅದನ್ನು ಬಹುಪಾಲು ತಡೆಯುತ್ತವೆ. ಅಂಟದ ಬಾಣಲೆಯಿಂದ ಊಟಕ್ಕೆ ಸೇರುವುದು ಅತ್ಯಲ್ಪ, ಕೆಡುಕು ಹೆಚ್ಚಾಗಿ ಆದದ್ದು ತಯಾರಿಸುವ ಜಾಗದಲ್ಲಿ. ಆದರೂ ಬರಿ ಬಾಣಲೆಯನ್ನು ಉರಿಯ ಮೇಲೆ ಬಿಟ್ಟು ಹೋಗಬೇಡಿ, ಪದರ ಎದ್ದದ್ದನ್ನು ಬಿಸಾಡಿ. ಅಮ್ಮನ ಕಬ್ಬಿಣದ ಬಾಣಲೆ ಅಟ್ಟದಲ್ಲಿದ್ದರೆ ಇನ್ನೂ ಒಳ್ಳೆಯದು. ಹಾಲುಣಿಸುವ ತಾಯಂದಿರು ಇದನ್ನೆಲ್ಲ ಓದಿ ಎದೆಹಾಲು ನಿಲ್ಲಿಸಬಾರದು. ಅದರ ಲಾಭವೇ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಹೊಲದಲ್ಲಿ ಎಣ್ಣೆ ಹೊಡೆದು ಬಂದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ, ಪಂಪನ್ನು ಎಲ್.ಎಲ್.ಸಿ. ಕಾಲುವೆಯಲ್ಲಿ ತೊಳೆಯಬೇಡಿ. ಆದೋನಿಯವರು ಕುಡಿಯುವುದು ಆ ತುಂಗಭದ್ರೆಯ ನೀರನ್ನೇ.

ಇನ್ನು ಬೆಳಿಗ್ಗೆಯ ಉಗ್ಗಾಣಿ-ಬಜ್ಜಿ! ಅದನ್ನು ಬಿಡಿ ಎಂದರೆ ನಮ್ಮ ಸೀಮೆಯವರು ಪತ್ರಿಕೆಯನ್ನೇ ಬಿಟ್ಟಾರು. ಉಗ್ಗಾಣಿ ಇರಲಿ, ನಾಲ್ಕು ಸಲ ಕಾಯಿಸಿದ ಎಣ್ಣೆಯ ಬಜ್ಜಿ ದಿನಾ ಬೇಡ. ಕೊಲೆಸ್ಟ್ರಾಲಿನ ಮಾತ್ರೆ ತೆಗೆದುಕೊಳ್ಳುತ್ತಿರುವವರು ರಾಸಾಯನಿಕದ ಈ ಕಥೆಯನ್ನು ನೆಪ ಮಾಡಿಕೊಂಡು ಅದನ್ನು ನಿಲ್ಲಿಸಬಾರದು. ಯಾವ ಕಾರಣದಿಂದ ಏರಿದರೂ ರಕ್ತನಾಳಕ್ಕೆ ಅದು ಒಂದೇ.

ಇದನ್ನೆಲ್ಲ ಮಾವನಿಗೆ ಹೇಳಲು ಹೊಳಗುಂದಕ್ಕೆ ಹೋಗಿದ್ದೆವು. ನಿಮ್ಮ ರಕ್ತದಲ್ಲಿ ಹಳೆಯ ಎಣ್ಣೆ ಸ್ವಲ್ಪ ಕುಳಿತಿರಲೂಬಹುದು, ಆದರೆ 246ಕ್ಕೆ ಅದೊಂದೇ ಕಾರಣವೆಂದು ಯಾರೂ ಹೇಳಲಾರರು, ಮೊದಲು ಥೈರಾಯ್ಡ್, ಸಕ್ಕರೆ ನೋಡಿಸೋಣ, ಎಷ್ಟು ವರ್ಷ ಯಾವ ಎಣ್ಣೆ ಹೊಡೆದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ ಎಂದೆವು. ಮಾವ ತಲೆಯಾಡಿಸಿದರು. ನೆನಪಿದ್ದಷ್ಟು ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು, ನಾವು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆವು. ಹದಿಮೂರು ಹೆಸರಾಯಿತು.

ಹೊರಡುವಾಗ ಹಿತ್ತಲಿನಲ್ಲಿ ಅತ್ತೆ ಬಿತ್ತನೆಯ ಶೇಂಗಾ ಬೀಜವನ್ನು ಒಂದು ಹಳೆಯ ಡಬ್ಬಿಯಿಂದ ಮೊರಕ್ಕೆ ಸುರಿಯುತ್ತಿದ್ದರು. ಡಬ್ಬಿಯ ಮೇಲಿನ ಕೆಂಪು ತ್ರಿಕೋನದ ಗುರುತು ಮಾಸಿತ್ತು, ಪೂರ್ತಿ ಅಳಿಸಿರಲಿಲ್ಲ. ಇದರಲ್ಲೇಕೆ ಇಟ್ಟಿದ್ದೀರಿ ಅತ್ತೆ ಎಂದು ಕೇಳಿದೆವು. "ಇದ್ರಾಗಿಟ್ರ ಹುಳ ಬೀಳಂಗಿಲ್ಲಪ್ಪ" ಎಂದರು. ಬೀಜವನ್ನು ಗೋಣಿಚೀಲಕ್ಕೆ ತುಂಬಿಸಿ, ಡಬ್ಬಿಯನ್ನು ತೂತು ಮಾಡಿ ಹಿತ್ತಲಿನ ಆಚೆ ಹೂತು ಬಂದೆವು. ಮುಂಗಾರಿಗೆ ಮುಂಚೆ ಮಾವನ ರಕ್ತವನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕಿದೆ.